ಸೊಲಾಂಜ್ ತಂದ ಬೂದಿ

ಅಪ್ಪಾ,

ಇವತ್ತು ಬೇಸಿಗೆಯ ವಿಹಾರದೋಣಿಯೊಂದು ನಮ್ಮ ಬರ್ಗಂಡಿ ಕಾಲುವೆಗೆ ಬಂತು. ಇಲ್ಲಿ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟು ಕಾಯುವವಳು ಈಗ ನಾನೇ. ಅಮ್ಮನನ್ನು ಬಿಟ್ಟು ನೀನು ಯಾರ ಹಿಂದೆ ಓಡಿದೆಯೋ ಆ ಸೊಲಾಂಜ್, ಬುಟ್ಟಿಯಷ್ಟು ದೊಡ್ಡ ಟೋಪಿ ಹಾಕಿಕೊಂಡು ದೋಣಿಯಲ್ಲಿ ನಿಂತಿದ್ದಳು. ಕಂಕುಳಲ್ಲಿ ನಿನ್ನ ಬೂದಿಯ ಡಬ್ಬಿ.

"ನಿಮ್ಮಪ್ಪ ಹೋಗ್ಬಿಟ್ರು ಕಣಮ್ಮ. ಬೂದಿ ಇಲ್ಲೇ ಬಿಡು ಅಂದಿದ್ರು," ಅಂದಳು.

"ಇಲ್ಲಿ ಬೇಡ. ಬಾತುಕೋಳಿ ಕುಡಿಯೋ ನೀರು. ಮುಂದೆ ಎಲ್ಲಾದ್ರೂ ಚೆಲ್ಕೊಳ್ಳಿ," ಅಂದೆ.

ಓಡಿಹೋದ ಮೇಲೆ ಬದುಕಿದ್ದಾಗ ಒಮ್ಮೆಯೂ ಇತ್ತ ಬಾರದವನಿಗೆ, ಬೂದಿಯಾದ ಮೇಲೆ ಬರಲು ನಾಚಿಕೆಯಾಗಲಿಲ್ಲವೇ?

ಎರಡು ಗೇಟುಗಳ ನಡುವಿನ ನೀರು ಇಳಿಸಿದೆ. ದೋಣಿ, ಟೋಪಿ, ನೀನು, ಎಲ್ಲ ಕೆಳಗಿಳಿದಿರಿ. ಮುಂದಿನ ಗೇಟು ತೆಗೆದರೆ ಹೊರಟೇಹೋಗುತ್ತಿದ್ದಿರಿ.

"ಏನಾಯ್ತ್ರೀ?" ಎಂದು ಕ್ಯಾಪ್ಟನ್ ಕೂಗಿದ.

"ಗೇಟು ಕಚ್ಕೊಂಡಿದೆ, ಸ್ವಲ್ಪ ತಡೀರಿ," ಅಂದೆ.

ಗೇಟಿಗೆ ಏನೂ ಆಗಿರಲಿಲ್ಲ.

ಕ್ಲೆಮಾನ್ಸ್