ನವುಲೆಯಲ್ಲಿಟ್ಟ ಕಿವಿ

ಚೌಡಯ್ಯ ಅಂಕಲ್,

ನೀವು ಫೋನ್ ಎತ್ತುತ್ತಿಲ್ಲ. ನಾನೂ ಮೂರು ಸಲಕ್ಕಿಂತ ಹೆಚ್ಚು ಮಾಡಲಿಲ್ಲ. ಅದಕ್ಕೇ ಈ ಕಾಗದ. ಹವ್ಯಾಸಿ ರೇಡಿಯೋ ಸ್ಪರ್ಧೆಯ ಮೊದಲ ಸ್ಥಾನದಿಂದ ನಿಮ್ಮ ಹೆಸರು ತೆಗೆದು ಇವತ್ತಿಗೆ ಹನ್ನೊಂದು ದಿನ. ನನಗೆ ದುಃಖವೂ ಆಗುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮರಗಟ್ಟಿರುತ್ತದಲ್ಲ, ಹಾಗಿದ್ದೇನೆ.

ಭದ್ರಾವತಿಯಲ್ಲಿ ನಿಮ್ಮ ಪಕ್ಕದ ಮಹಡಿಗೆ ಸೋಲಾರ್ ಬಂದ ಮೇಲೆ ಅದರ ಇನ್ವರ್ಟರ್‌ನಿಂದ ನಿಮ್ಮ ರೇಡಿಯೋ ಸೆಟ್ಟಿನಲ್ಲಿ ಬರೀ ಗುಂಯ್ ಸದ್ದು. ದೂರದವರು ಕರೆದರೆ ಕೇಳುತ್ತಿರಲಿಲ್ಲ, ಕೇಳದಿದ್ದರೆ ಸ್ಪರ್ಧೆಯಲ್ಲಿ ಅಂಕವಿಲ್ಲ. ನವುಲೆಯ ನನ್ನ ಮನೆಯಲ್ಲಿ ಆ ಕಾಟವಿಲ್ಲ. ಇಲ್ಲೊಂದು ರಿಸೀವರ್ ಇಟ್ಟು, ಅದು ಹಿಡಿದದ್ದನ್ನು ಇಂಟರ್‌ನೆಟ್‌ನಲ್ಲಿ ನಿಮಗೆ ಕೇಳಿಸಿದೆ. ಕಳಿಸುವುದು ಅಲ್ಲಿಂದ, ಕೇಳುವುದು ಇಲ್ಲಿಂದ. "ಇದು ಸರಿನಾ ಮಾರಾಯ್ತಿ?" ಅಂತ ನೀವು ಕೇಳಿದಿರಿ. "ಗದ್ದಲ ನೀವು ಮಾಡಿದ್ದಲ್ವಲ್ಲ ಅಂಕಲ್. ಗುಡ್ಡದ ಮೇಲೆ ಮನೆ ಇರೋರಿಗೆ ಸುಮ್ನೆ ಕೇಳ್ಸುತ್ತೆ, ಅದು ನ್ಯಾಯನಾ?" ಅಂದೆ. ಕಳಿಸುವ ಸೆಟ್ಟು, ಕೇಳುವ ಸೆಟ್ಟು ಎರಡೂ ಒಂದೇ ಜಾಗದಲ್ಲಿರಬೇಕೆಂಬ ನಿಯಮ ನನಗೆ ಗೊತ್ತಿತ್ತು. ಫಾರ್ಮಿನಲ್ಲಿ ಆ ನಿಯಮ ಪಾಲಿಸಿದ್ದೀರಾ ಎಂಬಲ್ಲಿ 'ಹೌದು' ಎಂದು ಗುರುತು ಹಾಕಿದವಳೂ ನಾನೇ. ನೀವು ನನ್ನನ್ನು ನಂಬಿ, ಓದದೆ ಸಹಿ ಹಾಕಿದಿರಿ.

ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದ ಹೊಳೆಹೊನ್ನೂರಿನ ವಸಂತನ ಮನೆ ಪಕ್ಕ ಅಕ್ಕಿ ಗಿರಣಿ. ಅವನು ಆ ಸದ್ದಿನಲ್ಲೇ ಕಿವಿಗೊಟ್ಟು ಕೂತಿದ್ದ. ನ್ಯಾಯದ ಮಾತಾಡುವಾಗ ನನಗೆ ಅವನ ನೆನಪೇ ಆಗಿರಲಿಲ್ಲ.

ಗೆದ್ದವರು ತಾವು ಕೇಳಿಸಿಕೊಂಡದ್ದರ ರೆಕಾರ್ಡಿಂಗ್ ಕಳಿಸಬೇಕೆಂದು ಸ್ಪರ್ಧೆಯ ಕಮಿಟಿ ಕೇಳಿದಾಗ, ನಾನು ಪರೀಕ್ಷಿಸದೆ ಇಲ್ಲಿನದನ್ನೇ ಕಳಿಸಿಬಿಟ್ಟೆ. ನೀವು ಕೀ ಒತ್ತಿ ಕಳಿಸಿದ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವೂ ಅದರಲ್ಲಿ ಬೇರೆ ಊರಿನಿಂದ ಬಂದಂತೆ ಮಸುಕಾಗಿ ಕೇಳಿಸುತ್ತಿತ್ತು; ಎರಡೂ ಒಂದೇ ಮನೆಯಲ್ಲಿದ್ದಿದ್ದರೆ ಅದು ಜೋರಾಗಿ ಕೇಳಬೇಕಿತ್ತು. ಸಿಕ್ಕಿಬಿದ್ದೆವು.

ಹೆಸರು ತೆಗೆದ ಸುದ್ದಿ ಹೇಳಲು ನಾನು ನಿಮ್ಮ ಮನೆಗೆ ಬಂದಾಗ ನೀವು ಬೈಯಲಿಲ್ಲ, ಆ ರೆಕಾರ್ಡಿಂಗ್ ಹಾಕು ಎಂದಿರಿ. ನೀವು ಒತ್ತಿದ್ದೇ ಇಂಟರ್‌ನೆಟ್‌ನಲ್ಲಿ ತಡವಾಗಿ ಮರಳಿ ಬಂದು ತಲೆ ಕೆಡಿಸುತ್ತದೆಂದು, ಸ್ಪರ್ಧೆಯಲ್ಲಿ ಕಳಿಸುವಾಗಲೆಲ್ಲ ನೀವು ನವುಲೆಯಿಂದ ಬರುವ ಸದ್ದು ಆಫ್ ಮಾಡುತ್ತಿದ್ದಿರಿ. ನಲವತ್ತು ವರ್ಷದಲ್ಲಿ ಅವತ್ತೇ ಮೊದಲ ಸಲ ನಿಮ್ಮ ಕೈಯನ್ನು ಹೊರಗಿನವರಂತೆ ಕೇಳಿದಿರಿ. ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಗೆರೆಗಳು ನಡುವೆ ತುಂಡಾಗಿದ್ದವು. "ಕೈ ಇಷ್ಟು ನಡುಗುತ್ತಾ?" ಅಂದಿರಿ. ಆಮೇಲೆ, "ನಿಂಗೆ ಗೊತ್ತಿತ್ತಾ ಅಲ್ಮಾಸ್?"

ನಾನು ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದೆ. ಅವತ್ತಾದರೂ ಅಳು ಬರಬೇಕಿತ್ತು, ಬರಲಿಲ್ಲ.

ತಪ್ಪೆಲ್ಲ ನನ್ನದೆಂದು ಕಮಿಟಿಗೆ ಬರೆದಿದ್ದೇನೆ. ವಸಂತನಿಗೂ ಹೇಳಿದೆ. "ಅದಿರ್ಲಿ, ಅಂಕಲ್ ಮತ್ತೆ ಕೀ ಮುಟ್ತಾರಾ ಇಲ್ವಾ, ಅಷ್ಟು ಹೇಳು" ಅಂದ. ನೀವು ಸೆಟ್ಟಿಗೆ ಬಟ್ಟೆ ಮುಚ್ಚಿದ್ದೀರೆಂದು ಹುಲಿಗೆಮ್ಮ ಆಂಟಿ ಹೇಳಿದ್ದರು. ಅವನಿಗೆ ಅದನ್ನು ಹೇಳಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಗೊತ್ತಿತ್ತು, ಎರಡು ವರ್ಷದಿಂದ. ನನಗೆ ಮೋರ್ಸ್ ಕಲಿಸಿದ ಕೈ ಅದು, ಹೇಗೆ ಗೊತ್ತಾಗದೆ ಇರುತ್ತದೆ? ಪ್ರತಿ ಭಾನುವಾರ ಬೆಳಿಗ್ಗೆ ನೀವು ನನಗೆ ಮೋರ್ಸ್‌ನಲ್ಲಿ ಕಳಿಸುತ್ತಿದ್ದುದರಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿದವಳಂತೆ ಏನೋ ಒಂದು ಉತ್ತರ ಕೊಡುತ್ತಿದ್ದೆ. ಇನ್ನು ಹಾಗೆ ಮಾಡುವುದಿಲ್ಲ. ತಿಳಿಯದಿದ್ದರೆ, ಮತ್ತೊಮ್ಮೆ ಕಳಿಸಿ ಎಂದು ಕೇಳುತ್ತೇನೆ. ಎಷ್ಟು ಸಲವಾದರೂ ಕೇಳುತ್ತೇನೆ.

ಅಲ್ಲಾಹ್ ನಿಮ್ಮನ್ನೂ ಆಂಟಿಯನ್ನೂ ಚೆನ್ನಾಗಿಟ್ಟಿರಲಿ.

ಭಾನುವಾರ ಸೆಟ್ ಹಾಕಿಕೊಂಡು ಕೂತಿರುವ,
ಅಲ್ಮಾಸ್