ಗಾಳಿ ಸೊನ್ನೆ ಎಂದು ಬರೆದ ದಿನ

ಹಿಮಕುಸಿತ ಮುನ್ನೆಚ್ಚರಿಕೆ ವಿಭಾಗದ ಮುಖ್ಯಸ್ಥರಿಗೆ, ಸೋಫಿಯಾ

ಮಾನ್ಯರೇ,

ಕಳೆದ ತಿಂಗಳ ಬಿರುಗಾಳಿಯಲ್ಲಿ ನಮ್ಮ ರಸ್ತೆಯ ಹಿಮ ತೆಗೆಯುವ ಲಾರಿಯ ಚಾಲಕ ಸ್ಪಾಸ್ ಕರಾಜೋವ್ ಸತ್ತದ್ದು ‘ಮುನ್ಸೂಚನೆಗೆ ನಿಲುಕದ ನೈಸರ್ಗಿಕ ವಿಕೋಪ’ದಿಂದ ಎಂದು ತಮ್ಮ ವರದಿ ಹೇಳುತ್ತದೆ. ಆ ವಿಕೋಪ ಬರಲಿದೆಯೆಂದು ಮೂರು ಗಂಟೆ ಮೊದಲೇ ತಮ್ಮ ಕಚೇರಿಗೆ ಫೋನು ಮಾಡಿದವಳು ನಾನು. ಹಾಗಾದರೆ ನಿಲುಕದೇ ಹೋದದ್ದು ಯಾರಿಗೆ?

ರಿಲಾ ಬೆಟ್ಟದಲ್ಲಿ ಚಾರಣಿಗರ ತಂಗುಮನೆ ನಡೆಸುತ್ತಾ ಇಪ್ಪತ್ತೊಂದು ಚಳಿಗಾಲಗಳಿಂದ ತಮಗೆ ಹಿಮ ಅಳೆದು ಕೊಡುತ್ತಿದ್ದೇನೆ. ಬಿರುಗಾಳಿಯ ಮೂರನೆಯ ಬೆಳಿಗ್ಗೆ ಪದರಗಳನ್ನು ನೋಡಲು ಎಂದಿನಂತೆ ಹಿಮದಲ್ಲಿ ಗುಂಡಿ ತೋಡಿದೆ. ಮೇಲೆ ಮೊಳಕ್ಕೂ ಮಿಕ್ಕಿದ ಗಟ್ಟಿ ಪದರ, ಅದರಡಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರುವ ಸಕ್ಕರೆಯಂಥ ಹಿಮ. ಸಲಿಕೆಯಿಂದ ಎರಡು ಸಲ ತಟ್ಟಿದ್ದಕ್ಕೇ ಮೇಲಿನ ಪದರ ಜಾರಿ ನನ್ನ ಮಡಿಲಿಗೆ ಬಿತ್ತು. ವಾಪಸು ನಡೆಯುವಾಗ ಕಾಲಡಿಯ ಹಿಮವೆಲ್ಲ ಒಮ್ಮೆಗೇ ‘ಧೊಪ್’ ಎಂದು ಕುಸಿದು ಕುಳಿತಿತು. ಆ ಸದ್ದು ಕೇಳಿದ ಮೇಲೆ ನಮ್ಮ ಕಡೆ ಯಾರೂ ಇಳಿಜಾರಿನ ಕೆಳಗೆ ಹೋಗುವುದಿಲ್ಲ.

ಫೋನು ಮಾಡಿದೆ. ತಮ್ಮ ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು. “ಅಮ್ಮಾ, ಧೊಪ್ ಅಂತ ಹಾಕೋಕೆ ಈ ಫಾರಂನಲ್ಲಿ ಜಾಗ ಇಲ್ಲ. ನೀವೇ ಗಾಳಿ ಸೊನ್ನೆ ಅಂತ ಕಳ್ಸಿದೀರಲ್ಲ?” ಎಂದರು. ಗಾಳಿಮಾಪಕ ಮಂಜು ಹೆಪ್ಪುಗಟ್ಟಿ ನಿಂತುಹೋಗಿದೆ, ಗಾಳಿ ನಿಂತಿಲ್ಲ, ಶಿಖರದ ಹಿಮವನ್ನೆಲ್ಲ ತಂದು ರಸ್ತೆಯ ಮೇಲಿನ ಇಳಿಜಾರಿಗೆ ಸುರಿಯುತ್ತಿದೆ ಎಂದೆ. ಮೇಲಿನವರಿಗೆ ತಿಳಿಸುವುದಾಗಿ ಹೇಳಿದರು. ಅಪಾಯದ ಮಟ್ಟ ಐದರಲ್ಲಿ ಎರಡು ಎಂದು ತಮ್ಮ ಪ್ರಕಟಣೆ ಬಂತು. ನಾಲ್ಕಾಗದೆ ರಸ್ತೆಯ ಗೇಟು ಮುಚ್ಚುವಂತಿಲ್ಲ. ಮೇಲಿನವರಿಗಿಂತ ಮೇಲಿದ್ದದ್ದು ಆ ಹಿಮವೊಂದೇ. ಅದಕ್ಕೆ ತಮ್ಮ ಪ್ರಕಟಣೆ ತಲುಪಿರಲಿಲ್ಲವೇನೋ.

ಬೆಟ್ಟದ ಮೇಲಿನ ಹೋಟೆಲಿನ ಅತಿಥಿಗಳು ಮಧ್ಯಾಹ್ನ ಇಳಿಯಬೇಕು, ರಸ್ತೆ ತೆರವಾಗಬೇಕು ಎಂಬ ಆದೇಶ ಹೊತ್ತು ಸ್ಪಾಸ್ ಬಂದ. ನನ್ನಲ್ಲಿ ಹುರುಳಿಕಾಯಿ ಬೀಜದ ಸಾರು ಕುಡಿಯದೆ ಅವನು ಮೇಲಕ್ಕೆ ಹೋದವನಲ್ಲ. ಹೋಗಬೇಡವೆಂದು ಬೇಡಿಕೊಂಡೆ. ನಕ್ಕ.

“ಅಕ್ಕಾ, ನಿನ್ನ ಹಿಮ ನಮ್ಮ ಮಾವನ ಹಾಗೆ. ಸಾಯ್ತೀನಿ ಸಾಯ್ತೀನಿ ಅಂತಾನೇ ತೊಂಬತ್ತು ದಾಟಿದ.”

ನಾನು ನಗಲಿಲ್ಲ. ಅವನು ಚಮಚ ಕೆಳಗಿಟ್ಟ.

“ನಾನು ಒಲ್ಲೆ ಅಂದ್ರೆ ಬೇರೆ ಯಾರನ್ನೋ ಕಳಿಸ್ತಾರೆ. ಅವನಿಗೆ ಇಳಿಜಾರಿನ ಕೆಳಗಿನ ಆ ತಿರುವು ಗೊತ್ತಿರಲ್ಲ.”

ಹನ್ನೊಂದೂಕಾಲಕ್ಕೆ ಬೆಟ್ಟದ ಪಕ್ಕದ ಹಿಮ ಬಿರಿದು ಅವನ ಲಾರಿಯ ಮೇಲೆ ಜಾರಿತು. ಊರಿನ ಒಂಬತ್ತು ಜನ ಸೇರಿ ಅಗೆದೆವು. ಲಾರಿ ಎರಡಾಳು ಆಳದಲ್ಲಿತ್ತು. ಬಾಗಿಲು ತೆಗೆಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಅವನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ತಮ್ಮ ವರದಿಯ ಆರನೆಯ ಪುಟದಲ್ಲಿ ‘ಸ್ಥಳೀಯ ವೀಕ್ಷಕರು ದಾಖಲಿಸಿದ ಗಾಳಿ: ಸೊನ್ನೆ’ ಎಂದಿದೆ. ಸುಳ್ಳಲ್ಲ. ಮಾಪಕ ತೋರಿಸಿದ್ದನ್ನೇ ಬರೆಯಬೇಕು ಎನ್ನುವುದು ತಮ್ಮ ನಿಯಮ, ಸಹಿ ನನ್ನದು. ಫಾರಂನ ಆ ಅಂಕಣದಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ಎಂದು ಒಂದು ಸುಳ್ಳು ಬರೆದಿದ್ದರೆ ಗೇಟು ಬೀಳುತ್ತಿತ್ತೇನೋ. ಪ್ರಾಮಾಣಿಕಳಾಗಿರಬೇಕೆಂದು ನನಗೆ ಯಾಕೆ ಅಷ್ಟು ಹಟವಿತ್ತೋ ತಿಳಿಯದು. ಅಂದಿನಿಂದ ಆ ಅಂಕಣ ತುಂಬುವ ಮೊದಲು ಹೊರಗೆ ಹೋಗಿ ಗಾಳಿಗೆ ಮುಖವೊಡ್ಡಿ ನಿಂತು ಬರುತ್ತೇನೆ. ಬಿಟ್ಟುಬಿಡೋಣವೆಂದರೆ ಗುಂಡಿ ತೋಡಲು ಇಲ್ಲಿ ಬೇರೆ ಯಾರೂ ಇಲ್ಲ.

ಸ್ಪಾಸ್‌ನ ನಲವತ್ತನೆಯ ದಿನದ ಪ್ರಾರ್ಥನೆಗೆ ಗೋಧಿ ಬೇಯಿಸುತ್ತಾ ಅವನ ಹೆಂಡತಿ ನೆವೆನಾ, “ನೀನು ಸೋಫಿಯಾದವರಿಗೆ ಹೇಳಿದ್ದೆ ಅಲ್ವಾ ಅಕ್ಕಾ?” ಎಂದು ಕೇಳಿದಳು. ಹೇಳಿದ್ದೆ ಎಂದೆ.

“ಮತ್ತೆ?”

ನಾನು ಪರಿಹಾರ ಕೇಳುತ್ತಿಲ್ಲ, ಯಾರ ಅಮಾನತನ್ನೂ ಕೇಳುತ್ತಿಲ್ಲ. ತಾವು ಸೋಫಿಯಾದಿಂದ ಒಂದು ದಿನ ಇಲ್ಲಿಗೆ ಬನ್ನಿ. ರಸ್ತೆ ತೆರೆದೇ ಇದೆ. ನೆವೆನಾಳ ಅಡುಗೆಮನೆಯಲ್ಲಿ ಕುಳಿತು ಅವಳ ಆ ಒಂದು ಮಾತಿಗೆ ಉತ್ತರ ಹೇಳಿ.

ಇಂತಿ,
ಯಾರೂ ಕೇಳದಿದ್ದರೂ ದಿನವೂ ಫೋನು ಮಾಡುವ
ದೋನ್ಕಾ ವೆಲೆವಾ