ಗಾಡಿ ನನ್ನ ಕಡೆಗೆ ಬರುವಾಗ

ಮನೆ, ಊಟದ ಮೇಜು
ತಾರೀಖು ಎಂಟು, ಭಾನುವಾರ ಮಧ್ಯಾಹ್ನ

ಇವಳೇ,

ಕಾಗದ ಬರೆಯುವುದು ನನ್ನ ಕೈಲಾಗುವ ಕೆಲಸವಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಈ ಶಿಕ್ಷೆ ಕೊಟ್ಟಿದ್ದೀಯ. “ಫೋನಲ್ಲಿ ನಿಮ್ಮ ಕೂಗಾಟ ನನ್ ಕೈಲಿ ಕೇಳೋಕಾಗಲ್ಲ. ಹೇಳೋದೇನಿದ್ರೂ ಬರೆದು ಕಳ್ಸಿ, ಬರೆಯೋ ಹೊತ್ತಿಗಾದ್ರೂ ಕೋಪ ಇಳಿಯುತ್ತೆ” ಅಂದೆ. ಇಳಿದಿಲ್ಲ. ಇದಕ್ಕೆ ಮೊದಲು ಬರೆದ ಹಾಳೆಗಳೆಲ್ಲ ಉಂಡೆಯಾಗಿ ಮೂಲೆಯಲ್ಲಿ ಬಿದ್ದಿವೆ. ಬಸ್ಸಿನ ಬೋರ್ಡು ಓದುವಷ್ಟು ಬಂದರೆ ಸಾಕು ಅಂತ ನಮ್ಮಪ್ಪ ಶಾಲೆ ಬಿಡಿಸಿದ ಮನುಷ್ಯ ನಾನು. ಅಂಥವನ ಕೈಲಿ ಈ ವಯಸ್ಸಿನಲ್ಲಿ ಒತ್ತಕ್ಷರ ತೀಡಿಸುತ್ತಿದ್ದೀಯಲ್ಲ, ಇದು ನ್ಯಾಯವಾ? ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ನಿನ್ನ ಅಕ್ಕನಿಗೆ ತೋರಿಸಿ ಇಬ್ಬರೂ ಸೇರಿ ನಗುವುದು ಬೇಡ. ‘ಪ್ರೀತಿಯ’ ಗೀತಿಯ ಅಂತ ಮೇಲೆ ಹಾಕುವುದು ನನಗೆ ಬರುವುದಿಲ್ಲ. ಇಷ್ಟು ವರ್ಷ ಬಾಯಲ್ಲಿ ‘ಇವಳೇ’ ಅಂದಿದ್ದೇನೆ, ಕಾಗದದಲ್ಲೂ ಅದೇ.

ನಿನ್ನ ಮೊಣಕಾಲು ಹೇಗಿದೆ? ಅಲ್ಲಿ ಮೆಟ್ಟಿಲು ಜಾಸ್ತಿ, ಹತ್ತಿ ಇಳಿದು ಮಾಡಬೇಡ. ಮುಲಾಮು ಮುಗಿದಿದ್ದರೆ ಅಲ್ಲೇ ತರಿಸಿಕೋ, ಹಚ್ಚಿಕೊಳ್ಳದೆ ನೋವು ಅನ್ನಬೇಡ. ನಿನ್ನ ಅಕ್ಕ, ಅಂದರೆ ಎಲ್ಲರ ಮೇಲೂ ಹುಕುಂ ಚಲಾಯಿಸುವ ನಮ್ಮ ಕಲೆಕ್ಟರ್ ಸಾಹೇಬರು, ಸೊಂಟದ ಮೂಳೆ ಕೂಡಿಕೊಂಡು ಕೋಲಿಲ್ಲದೆ ನಡೆಯುತ್ತಿದ್ದಾರೆ ಅಂತ ನೀನೇ ಹೇಳಿದೆ. ಸಂತೋಷ. ಬಾಯಿಗೆ ಮೊದಲಿಂದಲೂ ಏನೂ ಆಗಿರಲಿಲ್ಲ. ಆದರೆ ನನಗೆ ಅರ್ಥವಾಗದ್ದು ಇದು: ಅಕ್ಕ ಎದ್ದು ಓಡಾಡುವವರೆಗೆ ಇದ್ದು ಬರುತ್ತೇನೆ ಅಂತ ಹೋದವಳು ನೀನು. ಈಗ ಅವರು ಓಡಾಡುತ್ತಿದ್ದಾರೆ. ನೀನು ಮಾತ್ರ ಅಲ್ಲೇ ಇದ್ದೀಯ. ಸಾಲದ್ದಕ್ಕೆ ಮೊನ್ನೆ ಫೋನಿನಲ್ಲಿ, ಏನೂ ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ, “ನನ್ನ ಹೊಲಿಗೆ ಮಿಷನ್ನು ಪಾರ್ಸೆಲ್ ಮಾಡ್ಬಿಡ್ರೀ” ಅಂದೆ. ಬಟ್ಟೆ ಕೇಳಿದರೆ ಕಳಿಸುತ್ತಿದ್ದೆ. ಕನ್ನಡಕ ಕೇಳಿದರೆ ಕಳಿಸುತ್ತಿದ್ದೆ. ಮಿಷನ್ನು ತರಿಸಿಕೊಳ್ಳುವವರು ನಾಲ್ಕು ದಿನ ಇದ್ದು ಬರುವವರಾ? ನಾನು ಕೂಗದೆ ಇನ್ನೇನು ಮಾಡಬೇಕಿತ್ತು?

ಇರಲಿ, ಇಲ್ಲಿನ ಸಮಾಚಾರ ಹೇಳುತ್ತೇನೆ. ಮನೆಯಲ್ಲಿ ಸದ್ದೇ ಇಲ್ಲ. ಮೇಲಿನ ಮನೆಯ ಟೀಚರಮ್ಮ, ನಮ್ಮ ಗಲಾಟೆ ತಡೆಯಲಾಗದೆ ನೆಲ ಕುಟ್ಟುತ್ತಿದ್ದವಳು, ಒಂದು ದಿನ ಇಳಿದು ಬಂದು ಬಾಗಿಲು ಬಡಿದಳು. “ಏನೂ ಇಲ್ಲ, ನಿಮ್ ಧ್ವನಿ ಕೇಳ್ಸಿ ತುಂಬಾ ದಿನ ಆಯ್ತು, ಹುಷಾರಾಗಿದೀರಾ ಅಂತ ನೋಡೋಣ ಅಂತ ಬಂದೆ” ಅಂದಳು. ಬದುಕಿದ್ದೇನಾ ಅಂತ ನೋಡಲು ಬಂದವಳು! “ಬೈಯೋಕೆ ಯಾರಿದಾರಮ್ಮ ಇಲ್ಲಿ, ಗೋಡೆನ ಬೈಲಾ?” ಅಂದೆ. ಅವಳು ಪಾಪ, ಮೆಟ್ಟಿಲು ಹತ್ತಿ ಹೋದಳು. ಆಮೇಲೆ ನಿಜವಾಗಿಯೂ ಗೋಡೆಯನ್ನು ಒಂದೆರಡು ಮಾತು ಬೈದು ನೋಡಿದೆ. ರುಚಿಸಲಿಲ್ಲ. ಎದುರುತ್ತರ ಕೊಡದವರನ್ನು ಬೈದರೆ ಗಂಟಲು ನೋವು ಅಷ್ಟೇ.

ಆ ವಾರವೇ ದವಡೆ ಹಲ್ಲು ನೋವು ಶುರುವಾಯಿತು. ಬೀದಿ ತುದಿಯ ಹಲ್ಲು ಡಾಕ್ಟರ ಹತ್ತಿರ ಹೋದೆ. ಅವರ ಕಪಾಟಿನಲ್ಲಿ, ಹಲ್ಲಿನ ಅಚ್ಚುಗಳ ನಡುವೆ, ಒಂದು ಗಾಡಿ ಇತ್ತು. ಮೊಳದುದ್ದ, ಮುಳ್ಳುಮುಳ್ಳು ಟೈರು, ನೆಲಕ್ಕೆ ಅಂಟಿಕೊಂಡ ಮೂತಿ, ಹಿಂದೆ ರೆಕ್ಕೆ. ಮಣ್ಣು ಕಲ್ಲಿನ ಮೇಲೆಲ್ಲ ಹಾರಿ ಓಡುವ ರಿಮೋಟ್ ಗಾಡಿ, ಬಗ್ಗಿ ಅನ್ನುತ್ತಾರಂತೆ. ಬಾಯಿ ಅಗಲಿಸಿಕೊಂಡೇ ಅದನ್ನು ನೋಡುತ್ತಿದ್ದೆ. ಹಲ್ಲು ಕಿತ್ತದ್ದು ತಿಳಿಯಲೇ ಇಲ್ಲ. ಡಾಕ್ಟರು ನಕ್ಕು, ಒಳಗಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ತೊಡೆಯ ಮೇಲಿಟ್ಟರು. ಅವರ ಹಳೆಯ ಗಾಡಿಯಂತೆ, ಬಿಚ್ಚಿ ಹಾಕಿದ್ದು ಮತ್ತೆ ಕಟ್ಟಲು ಪುರುಸೊತ್ತಾಗಿಲ್ಲವಂತೆ. “ತಗೊಂಡ್ಹೋಗಿ ಯಜಮಾನ್ರೇ, ಕಟ್ಕೊಳ್ಳಿ. ಮನೇಲಿ ಯಾರೂ ಇಲ್ಲ ಅಂತೀರಲ್ಲ, ಇದ್ರ ಜೊತೆ ಜಗಳ ಆಡಿ” ಅಂದರು. ಬಾಯಲ್ಲಿ ಹತ್ತಿ ಇತ್ತು, ಇಲ್ಲದಿದ್ದರೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ಹೀಗಾಗಿ ನಿನ್ನ ಊಟದ ಮೇಜು ಈಗ ಗ್ಯಾರೇಜು. ಬೈಯಬೇಡ, ದಪ್ಪ ಬಟ್ಟೆ ಹಾಸಿದ್ದೇನೆ. ಸ್ಕ್ರೂಗಳು ಒಂದೊಂದೂ ಇರುವೆಯಷ್ಟಿವೆ, ಅವನ್ನು ನಿನ್ನ ಗುಂಡಿ ಡಬ್ಬಿಯಲ್ಲಿ ಹಾಕಿದ್ದೇನೆ. ಗುಂಡಿಗಳು ಸಕ್ಕರೆ ಡಬ್ಬಿಯಲ್ಲಿವೆ. ಸಕ್ಕರೆ ಎಲ್ಲಿದೆ ಅಂತ ಕೇಳಬೇಡ. ನಿನ್ನ ಹಳೆಯ ಹಲ್ಲುಜ್ಜುವ ಬ್ರಷ್ಷು ಚಕ್ರದ ಸಂದಿಯ ಮಣ್ಣು ತೆಗೆಯಲು ಹೇಳಿ ಮಾಡಿಸಿದ ಹಾಗಿದೆ. ಈ ಹಾಳೆಯ ಅಂಚು ಹರಿದಿರುವುದಕ್ಕೂ ಕಾರಣ ಗಾಡಿಯೇ. ಮೋಟಾರಿನ ಚಿಕ್ಕ ಗೇರನ್ನು ದೊಡ್ಡ ಗೇರಿಗೆ ಕೂರಿಸುವಾಗ ಎರಡರ ಹಲ್ಲುಗಳ ನಡುವೆ ತೆಳ್ಳಗಿನ ಕಾಗದದ ಚೂರು ಇಟ್ಟು, ಒತ್ತಿ, ಸ್ಕ್ರೂ ಬಿಗಿದು, ಆಮೇಲೆ ಕಾಗದ ಎಳೆದು ತೆಗೆಯಬೇಕು. ಅಷ್ಟು ಸಂದು ಇರಬೇಕಂತೆ. ಪೂರ್ತಿ ಒತ್ತಿಕೊಂಡರೆ ಕಿರುಚುತ್ತದೆ, ದೂರವಾದರೆ ಹಲ್ಲು ಸವೆದು ಹೋಗುತ್ತದೆ. “ಹಲ್ಲಿನ ವಿಷ್ಯದಲ್ಲಿ ನನ್ ಮಾತು ಕೇಳಿ” ಅಂತ ಡಾಕ್ಟರು ಅದಕ್ಕೂ ಒಂದು ಜೋಕು ಹೊಡೆದರು.

ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡಿದ್ದು ಗಾಡಿಯ ಕುಲುಕಾಟ ತಡೆಯುವ ಶಾಕಬ್ಸರು. ಬೆರಳುದ್ದದ ನಾಲ್ಕು ಕೊಳವೆ, ಒಳಗೆ ಎಣ್ಣೆ ತುಂಬಬೇಕು. ತುಂಬಿದೆ, ಮುಚ್ಚಳ ಬಿಗಿದೆ, ಅದುಮಿದರೆ ಕೊಳಕ್ ಕೊಳಕ್ ಅಂತ ಸದ್ದು. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಮತ್ತೆ ಬಿಚ್ಚಿ ತುಂಬಿದೆ, ಮತ್ತೆ ಅದೇ. ಕೋಪ ಬಂದು ಒಂದನ್ನು ಎಸೆದೆ, ಮಂಚದ ಕೆಳಗೆ ಹೋಯಿತು, ತೆವಳಿಕೊಂಡು ಹುಡುಕಿದೆ. ಡಾಕ್ಟರನ್ನು ಕೇಳಿದರೆ, “ಮುಚ್ಚಳ ಹಾಕೋಕೆ ಅವಸರ ಯಾಕೆ? ಎಣ್ಣೆ ತುಂಬಿ ಸುಮ್ನೆ ನಿಲ್ಸಿಡಿ. ಗಾಳಿ ತಾನಾಗೇ ಮೇಲೆ ಬರುತ್ತೆ” ಅಂದರು. ನಿಲ್ಲಿಸಿದೆ. ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆ ಬಂದು ಒಡೆಯುತ್ತಿದ್ದವು. ಮಧ್ಯಾಹ್ನ ಪೂರ್ತಿ ಅದನ್ನೇ ನೋಡುತ್ತಿದ್ದೆ. ನೀನಿದ್ದಿದ್ದರೆ “ಅದೇನು ಟೀವೀನಾ?” ಅಂತ ಒಮ್ಮೆಯಾದರೂ ಅನ್ನುತ್ತಿದ್ದೆ. ಅವನ್ನು ಕೂರಿಸಿದ ಮೇಲೆ ಗಾಡಿ ಕೈಯೆತ್ತರದಿಂದ ಬಿಟ್ಟರೂ ಕುಪ್ಪಳಿಸದೆ, ಬೆಕ್ಕಿನ ಹಾಗೆ ಮೆತ್ತಗೆ ಕೂತಿತು.

ನೀರಿನ ಟ್ಯಾಂಕಿನ ಹಿಂದೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಮಣ್ಣು ದಿಬ್ಬ ಮಾಡಿ ಡಾಕ್ಟರು, ಒಬ್ಬ ಕೊಳಾಯಿ ಕೆಲಸದವನು, ಇನ್ನೂ ಕೆಲವರು ಭಾನುವಾರ ಬೆಳಿಗ್ಗೆ ಗಾಡಿ ಓಡಿಸುತ್ತಾರೆ. ಹೋದೆ. ನನಗೇನು ಭಯ? ತಲೆ ನರೆಯುವವರೆಗೆ ಬಸ್ಸು ಓಡಿಸಿದ ಕೈ ಇದು. ರಿಮೋಟು ಪಿಸ್ತೂಲಿನ ಹಾಗಿದೆ, ಬೆರಳಿಗೆ ಎಕ್ಸಲೇಟರ್, ಪಕ್ಕದಲ್ಲಿ ಪುಟಾಣಿ ಸ್ಟೇರಿಂಗ್ ಚಕ್ರ. ಎಳೆದೆ. ಗಾಡಿ ಬಾಣದ ಹಾಗೆ ಹೋಯಿತು. ದಿಬ್ಬ ಹತ್ತಿತು, ಹಾರಿತು, ನೇರವಾಗಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತುದಿಯಲ್ಲಿ ತಿರುಗಿಸಿದೆ. ಅಲ್ಲಿಂದ ಎಡವಟ್ಟು ಶುರು. ಗಾಡಿ ನನ್ನಿಂದ ಆಚೆ ಹೋಗುವಾಗ ಅದರ ಎಡ ನನ್ನ ಎಡ, ಅದರ ಬಲ ನನ್ನ ಬಲ. ತಿರುಗಿ ನನ್ನ ಕಡೆಗೆ ಬರುವಾಗ ಎಲ್ಲ ತಲೆಕೆಳಗು. ಅದರ ಎಡ ನನ್ನ ಬಲ. ಬಸ್ಸಿನಲ್ಲಿ ನಾನು ಒಳಗೆ ಕೂತಿರುತ್ತಿದ್ದೆ ಕಣೇ. ಹೋಗುವಾಗಲೂ ಬರುವಾಗಲೂ ಎಡ ಎಡವೇ ಆಗಿತ್ತು. ಗಾಡಿ ಎಲ್ಲೋ, ನಾನು ಎಲ್ಲೋ ಅನ್ನುವುದು ನನ್ನ ಸರ್ವೀಸಿನಲ್ಲೇ ಇರಲಿಲ್ಲ.

ಗಾಡಿ ಟ್ಯಾಂಕಿನ ಗೋಡೆಯ ಕಡೆ ವಾಲಿತು. ನಾನು ಒಂದು ಕಡೆ ತಿರುಗಿಸುತ್ತೇನೆ, ಅದು ಇನ್ನೊಂದು ಕಡೆ ಹೋಗುತ್ತದೆ. ಹಿಂದಿನಿಂದ ಡಾಕ್ಟರು “ರೈಟ್! ರೈಟ್! ಯಜಮಾನ್ರೇ, ರೈಟ್!” ಅಂತ ಅರಚಿದರು. ನೀನೇ ಹೇಳು, ನನ್ನ ಕಿವಿಗೆ ‘ರೈಟ್’ ಅಂದರೆ ಏನು? ಕಂಡಕ್ಟರು ಬಾಗಿಲಲ್ಲಿ ನಿಂತು ‘ರೈಟ್’ ಅಂದರೆ ಹೊರಡು ಅಂತ. ಜೀವಮಾನವೆಲ್ಲ ಆ ಮಾತಿಗೆ ಗಾಡಿ ಎಬ್ಬಿಸಿದವನು ನಾನು. ಬೆರಳು ನನ್ನನ್ನು ಕೇಳಲೇ ಇಲ್ಲ, ಎಕ್ಸಲೇಟರ್ ಪೂರ್ತಿ ಎಳೆಯಿತು. ಡಾಕ್ಟರು ಇನ್ನೂ ಜೋರಾಗಿ “ರೈಟ್!” ಅಂದರು, ನಾನು ಇನ್ನೂ ಜೋರಾಗಿ ಎಳೆದೆ. ಗೋಡೆಗೆ ಹೊಡೆದು ಮುಂದಿನ ಚಕ್ರದ ತೋಳು ಮುರಿದು, ಚಕ್ರ ಬೇರೆ ಊರು ನೋಡಲು ಹೊರಟಿತು. ವಿಷಯ ತಿಳಿದ ಮೇಲೆ ಕೊಳಾಯಿಯವನು ನೆಲದ ಮೇಲೆ ಕೂತು ನಕ್ಕ. “ಪ್ಯಾಸೆಂಜರ್‌ಗಳಿಗೆ ಏನೂ ಆಗ್ಲಿಲ್ವಾ ಯಜಮಾನ್ರೇ?” ಅಂದ. “ಮುಚ್ಚೋ ಬಾಯಿ, ಮೊದ್ಲು ನಿನ್ ನಲ್ಲಿ ಸೋರೋದು ನಿಲ್ಸು” ಅಂದು ಎತ್ತಿಕೊಂಡು ಬಂದೆ. ಇನ್ನು ಆ ಕಡೆ ಕಾಲಿಡುವುದಿಲ್ಲ ಅಂದುಕೊಂಡಿದ್ದೆ. ಆದರೆ ಮನೆಗೆ ಬಂದು ಕೂತು ಮಾಡುವುದೇನು? ಹೊಸ ತೋಳು ಹಾಕಿದೆ, ಮುಂದಿನ ಭಾನುವಾರ ಮತ್ತೆ ಹೋದೆ. ಡಾಕ್ಟರು ಈಗ ‘ಬಲಕ್ಕೆ’ ಅನ್ನುತ್ತಾರೆ, ನಿಲ್ಲಿಸಬೇಕಾದರೆ ಸೀಟಿ ಊದುತ್ತಾರೆ.

ಬರುವ ಗಾಡಿಗೆ ಅವರು ಒಂದು ಉಪಾಯ ಹೇಳಿಕೊಟ್ಟರು. ಅದು ಬರುವಾಗ ಎದುರು ನಿಂತು ದಿಟ್ಟಿಸಬಾರದು. ಅದು ಯಾವ ಕಡೆ ಮುಖ ಮಾಡಿದೆಯೋ ನಾನೂ ಆ ಕಡೆಗೇ ಮುಖ ಮಾಡಿ ನಿಂತು, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾ ತಿರುಗಿಸಬೇಕು. ಆಗ ಅದರ ಎಡ ನನ್ನ ಎಡವೇ. ಸಿಟ್ಟು ಮಾಡಿಕೊಂಡು ಬೆನ್ನು ತಿರುಗಿಸಿ ನಿಂತವನು ಕದ್ದು ಕದ್ದು ಹಿಂದೆ ನೋಡುತ್ತಿರುವ ಹಾಗೆ ಕಾಣುತ್ತೇನೆ. ನಗುವವರು ನಗಲಿ. ಇವತ್ತು ಬೆಳಿಗ್ಗೆ ಹಾಗೆ ನಿಂತು, ಕತ್ತು ಉಳುಕಿಸಿಕೊಂಡು, ದಿಬ್ಬ, ತಿರುವು, ಕಲ್ಲಿನ ಜಾಗ ಎಲ್ಲ ಸುತ್ತಿಸಿ ಗಾಡಿಯನ್ನು ಕರೆತಂದೆ. ಎಲ್ಲೂ ತಾಗಲಿಲ್ಲ. ನನ್ನ ಹಿಮ್ಮಡಿಯ ಹತ್ತಿರ ಬಂದು ನಿಂತಿತು. ಕೊಳಾಯಿಯವನು ಕೂಡ ನಗದೆ “ಭೇಷ್” ಅಂದ.

ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡೋಡಿ ಮನೆಗೆ ಬಂದೆ. ಬಂದು ಬೆಲ್ ಒತ್ತಿದೆ. ಕೀಲಿ ಜೇಬಿನಲ್ಲೇ ಇತ್ತು. ನಿನಗೇ ಗೊತ್ತಲ್ಲ, ಯಾವ ಹೊತ್ತಿನ ಡ್ಯೂಟಿ ಮುಗಿಸಿ ಬಂದರೂ ನಾನು ಕೀಲಿ ಹಾಕಿ ತೆಗೆದವನಲ್ಲ. ಒತ್ತಿದೆ, ಕಾದೆ, ಇನ್ನೂ ಬಾಗಿಲು ತೆಗೆಯುವುದಿಲ್ಲವಲ್ಲ ಅಂತ ಸಿಟ್ಟು ಬಂತು, ಮತ್ತೆ ಒತ್ತಿದೆ. ಟೀಚರಮ್ಮ ಮೇಲಿಂದ ಬಗ್ಗಿ, “ಒಳಗೆ ಯಾರಿದಾರೆ ಅಂತ ಬೆಲ್ ಮಾಡ್ತಿದೀರಿ?” ಅಂದಳು. ತಮಾಷೆಗೆ ಅಂದಿದ್ದಲ್ಲ, ಪಾಪ, ನಿಜವಾಗಿ ಕೇಳಿದಳು. “ಬೆಲ್ ಕೆಟ್ಟಿದೆಯಾ ಅಂತ ನೋಡ್ತಿದೀನಿ” ಅಂದೆ. ಬೆಲ್ ಚೆನ್ನಾಗಿಯೇ ಇದೆ. ಇಡೀ ಮನೆಗೆ ಕೇಳಿಸುತ್ತದೆ.

ಬಂದು ಊಟ ಮಾಡದೆ ಈ ಕಾಗದ ಹಿಡಿದು ಕೂತಿದ್ದೇನೆ. ಈಗ ಮಿಷನ್ನಿನ ವಿಷಯ. ಕಳಿಸುವುದಿಲ್ಲ. ಪಾರ್ಸೆಲಿನವರು ಎತ್ತಿ ಹಾಕಿ ಕುಕ್ಕುತ್ತಾರೆ, ಸೂಜಿಯ ಲೆವೆಲ್ ಹೋಗುತ್ತದೆ ಅಂತ ಒಂದು ನೆಪ ಯೋಚಿಸಿದ್ದೆ. ನೆಪ ಬೇಡ. ಕಳಿಸಲು ಇಷ್ಟವಿಲ್ಲ, ಕಳಿಸುವುದಿಲ್ಲ. ಅಲ್ಲಿ ಏನಾದರೂ ಹರಿದಿದ್ದರೆ ಕೈಯಲ್ಲಿ ಹೊಲಿ. ನಿನ್ನ ಅಕ್ಕನಿಗೆ ಒಬ್ಬರೇ ಇರಲು ಬೇಸರ ಅನ್ನುವುದಾದರೆ ಅವರನ್ನೂ ಕರೆದುಕೊಂಡು ಬಾ, ಬೀದಿ ಕಡೆಯ ಕೋಣೆ ಖಾಲಿಯೇ ಇದೆ. ನನ್ನ ಬಾಯಿಂದ ಈ ಮಾತು ಬಂತಲ್ಲ ಅಂತ ಆಶ್ಚರ್ಯಪಡಬೇಡ, ನನಗೇ ಆಗುತ್ತಿದೆ. ಅವರ ಕಲೆಕ್ಟರಿಕೆ ಆ ಕೋಣೆಯೊಳಗೆ ಇರಲಿ ಅಂತ ಮಾತ್ರ ಮೊದಲೇ ಹೇಳಿಬಿಡು. ಅವರಿಗೆ ನನ್ನ ನಮಸ್ಕಾರ. ನಿನ್ನ ಕಾಲು ಜೋಪಾನ.

ಇಂತಿ,
ನೀನು ‘ರೀ’ ಅಂದರೆ ಓಗೊಡುವವನು

ತಾ.ಕ.: ಇವತ್ತು ಸೋಮವಾರ, ಅಂಚೆ ಪೆಟ್ಟಿಗೆ ಬಿಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊರಡುವ ದಿನ ನೀನು ಟ್ಯಾಕ್ಸಿಯ ಗಾಜು ಇಳಿಸಿ ನನಗೆ ಏನೋ ಅಂದೆ. “ಹೋಗಿ” ಅಂದದ್ದು ಕೇಳಿಸಿತು. ಅಷ್ಟರಲ್ಲಿ ಆ ದರಿದ್ರದವನು ಇಂಜಿನ್ ಎಬ್ಬಿಸಿದ, ಮುಂದಿನದು ಕೇಳಿಸಲಿಲ್ಲ. ನೀನು ಹೇಳಿದ್ದು “ಹೋಗಿ ಬರ್ತೀನಿ” ಅಂತಲಾ, ಇಲ್ಲಾ ಬಿಸಿಲಲ್ಲಿ ನಿಂತಿದ್ದವನಿಗೆ “ಹೋಗಿ ಒಳಗೆ” ಅಂತಲಾ? ಅವತ್ತಿನಿಂದ ಎರಡನ್ನೂ ಹೇಳಿಕೊಂಡು ನೋಡುತ್ತಿದ್ದೇನೆ, ಎರಡೂ ನಿನ್ನ ಧ್ವನಿಯಲ್ಲೇ ಕೇಳಿಸುತ್ತವೆ. ಯಾವುದು ಅಂತ ಬರೆದು ತಿಳಿಸು, ಬೇರೇನೂ ಬರೆಯಬೇಕಾಗಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.